ಸ್ಪೈನಾ ಬೈಫಿಡಾ: ತಾಯಿಯ ಹಗಲು, ಮಗುವಿನ ಶಾಲೆ

ಸಭಿಕರೆ,

ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಹುಟ್ಟುದೋಷ, ಇರುವ ಮಗುವನ್ನು ಕಂಡಾಗ ನಮ್ಮೆಲ್ಲರ ಗಮನ ಹೋಗುವುದು ಬಲವಿಲ್ಲದ ಕಾಲುಗಳ ಕಡೆಗೆ. ಆದರೆ ಆ ಮನೆಯ ದಿನಚರಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಮಗುವಿನ ಮೂತ್ರಕೋಶ. ಹೇಳಲು ಸಂಕೋಚಪಡುವ ಈ ವಿಷಯವನ್ನೇ ಇಂದು ಬಿಚ್ಚಿ ಹೇಳುತ್ತೇನೆ.

ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಂದೆ ಮಿದುಳು, ಬೆನ್ನುಹುರಿ ಆಗುವ ಭ್ರೂಣದ ನರನಾಳ ಮುಚ್ಚಿಕೊಳ್ಳಬೇಕು; ಬೆನ್ನಿನ ಯಾವುದೋ ಒಂದೆಡೆ ಅದು ತೆರೆದೇ ಉಳಿದರೆ ಅಲ್ಲಿಂದ ಕೆಳಗಿನ ನರಗಳು ಸೊರಗುತ್ತವೆ. ಮುಟ್ಟು ತಪ್ಪಿತೆಂದು ಹೆಣ್ಣುಮಗಳು ದಿನ ಎಣಿಸುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಮೊದಲೊಂದು ಗರ್ಭದಲ್ಲಿ ಇಂಥ ದೋಷ ಕಂಡಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲವೆಂಬ ಜೀವಸತ್ವದ ಮಾತ್ರೆ ಸೇವಿಸಿದರೆ ಅದು ಮರುಕಳಿಸುವ ಸಂಭವ ಶೇ. 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿಕೊಟ್ಟಿತು. ತಾಯಿ ಕಾರ್ಡ್ ಮಾಡಿಸಿದ ಮೇಲೆ ಮಾತ್ರೆ ಶುರುಮಾಡುವುದು ಈ ದೋಷದ ಮಟ್ಟಿಗೆ ತಡವೇ. ಮಾತ್ರೆ ನುಂಗಿದವರಲ್ಲೂ ಕೆಲವರಿಗೆ ಹೀಗಾಗುತ್ತದೆ. ಹೀಗಿರುವಾಗ, ಗ್ರಹಣದ ದಿನ ಹೊರಗೆ ಕಾಲಿಟ್ಟಳೆಂದು ಬಾಣಂತಿಯನ್ನು ದೂರುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ.

ಹುಟ್ಟಿದ ಒಂದೆರಡು ದಿನಗಳಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ, ತಲೆಯಲ್ಲಿ ನೀರು ತುಂಬಿದರೆ ಅದನ್ನು ಹರಿಸಿಬಿಡುವ ಶಂಟ್ ಎಂಬ ಕೊಳವೆಯ ಅಳವಡಿಕೆ: ಇವೆಲ್ಲ ಮುಗಿದು ಮನೆಗೆ ಬಂದ ಮೇಲೆ ನಿಜವಾದ ದುಡಿಮೆ ಆರಂಭವಾಗುತ್ತದೆ. ನರಗಳು ಸೊರಗಿದ್ದರಿಂದ ಮೂತ್ರಕೋಶ ತಾನಾಗಿ ಪೂರ್ತಿ ಖಾಲಿಯಾಗದಿದ್ದರೆ ಒಳಗಿನ ಒತ್ತಡವೂ ಸೋಂಕೂ ಸೇರಿ ಸದ್ದಿಲ್ಲದೆ ಮೂತ್ರಪಿಂಡವನ್ನು ಕೆಡಿಸುತ್ತವೆ. ಅದಕ್ಕಾಗಿಯೇ ಮೂರು ನಾಲ್ಕು ಗಂಟೆಗೊಮ್ಮೆ ತೆಳುವಾದ ಕೊಳವೆ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಇದಕ್ಕೆ ಆಸ್ಪತ್ರೆಯ ನಿರ್ಜಂತುಕ ಏರ್ಪಾಡು ಬೇಕಿಲ್ಲ, ಸಾಬೂನಿನಲ್ಲಿ ತೊಳೆದ ಕೈ ಮತ್ತು ಶುಚಿಯಾದ ಕೊಳವೆ ಸಾಕು ಎಂದು ಅಮೆರಿಕದ ವೈದ್ಯ ಜಾಕ್ ಲಾಪಿಡಿಸ್ 1972ರಲ್ಲಿ ಪ್ರಕಟಿಸಿದ ಬರಹ ಅಸಂಖ್ಯ ಮಕ್ಕಳ ಆಯುಷ್ಯವನ್ನು ಹೆಚ್ಚಿಸಿತು.

ನಾನು ಬಲ್ಲ ಒಬ್ಬ ತಾಯಿ ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಹೊಲಿಗೆ ಯಂತ್ರ ನಿಲ್ಲಿಸಿ, ಡಬ್ಬಿಯಲ್ಲಿ ಕೊಳವೆ, ಬಾಟಲಿಯಲ್ಲಿ ನೀರು ಹಿಡಿದು ಮಗಳ ಶಾಲೆಗೆ ನಡೆಯುತ್ತಿದ್ದರು. ಎರಡು ಗಂಟೆಗೆ ಮತ್ತೊಮ್ಮೆ. ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲವಾದ್ದರಿಂದ ಸೆರಗನ್ನೇ ಮರೆಯಾಗಿ ಹಿಡಿಯುತ್ತಿದ್ದರು. ರಾತ್ರಿ ಮಗಳ ಅಂಗಾಲುಗಳನ್ನು ದೀಪದ ಬೆಳಕಿಗೆ ತಿರುಗಿಸಿ ನೋಡುವುದು ಅವರ ಇನ್ನೊಂದು ಕೆಲಸ. ಸ್ಪರ್ಶವೇ ತಿಳಿಯದ ಪಾದಕ್ಕೆ ಕಾದ ನೆಲ ಸುಟ್ಟರೂ, ಬೂಟು ಕಚ್ಚಿದರೂ ಮಗುವಿಗೆ ಗೊತ್ತಾಗುವುದಿಲ್ಲ. ಹೊಲಿಯಲು ಬಂದ ಬಟ್ಟೆಗಳು ಹೊತ್ತಿಗೆ ಮುಗಿಯದೆ ಗಿರಾಕಿಗಳು ಕಡಿಮೆಯಾದರು. ಇಂಥ ನಷ್ಟ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣಿಸುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಎಲ್ಲರೊಡನೆ ಕಲಿಯುವ ಹಕ್ಕನ್ನು ಈ ಮಕ್ಕಳಿಗೂ ನೀಡಿದೆ. ಆ ಹಕ್ಕು ಕೈಗೆ ಸಿಗಬೇಕಾದರೆ ಶಾಲೆಯಲ್ಲಿ ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಶೌಚಾಲಯ, ಒಂದು ಚಿಲಕ, ಒಂದು ನಲ್ಲಿ, ಪಾಠದ ನಡುವೆ ಎದ್ದು ಹೋಗಲು ಪ್ರಶ್ನೆ ಕೇಳದ ಅನುಮತಿ ಇರಬೇಕು. ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಒಂದು ವಾರದಲ್ಲಿ ಚಿಲಕವನ್ನಾದರೂ ಹಾಕಿಸಬಹುದು.

ಆ ಶಾಲೆಯಲ್ಲಿ ಕೊನೆಗೂ ಹಾಕಿಸಿದರು. ಅಷ್ಟರಲ್ಲಿ ಎಂಟು ವರ್ಷದ ಹುಡುಗಿ ಕನ್ನಡಿ ಹಿಡಿದು ತಾನೇ ಕೊಳವೆ ಹಾಕಿಕೊಳ್ಳಲು ಕಲಿತಿದ್ದಳು. ಮೊದಲ ದಿನ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿ ತಾಯಿ ಹೊರಗೆ ನಿಂತೇ ಇದ್ದರಂತೆ. ಮರುವಾರದಿಂದ ಹನ್ನೊಂದು ಗಂಟೆಯಲ್ಲೂ ಅವರ ಯಂತ್ರ ನಡೆಯತೊಡಗಿತು.