ಒಗ್ಗರಣೆಯ ಘಾಟಿಗೆ ಕೆಮ್ಮು ಬಂದಾಗ

ಕೇಳುತ್ತಿರುವ ತಾಯಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ.

ಒಗ್ಗರಣೆಯ ಘಾಟು ಏರುತ್ತದೆ, ಕೆಮ್ಮು ಬರುತ್ತದೆ. ನೀವು ಥಟ್ಟನೆ ಕಾಲು ಜೋಡಿಸಿ ನಿಲ್ಲುತ್ತೀರಿ. ಆದರೂ ಎರಡು ಹನಿ ಮೂತ್ರ ಜಾರಿಯೇ ಬಿಡುತ್ತದೆ. ಇದನ್ನು ಯಾರಿಗೂ ಹೇಳುವುದಿಲ್ಲ. ಹೆತ್ತದ್ದಾಯಿತು, ವಯಸ್ಸಾಯಿತು, ಇನ್ನು ಹೀಗೆಯೇ ಎಂದುಕೊಳ್ಳುತ್ತೀರಿ. ಹಾಗಲ್ಲ. ಸ್ನಾಯು ಸಡಿಲವಾಗಿದೆ, ವ್ಯಾಯಾಮ ಮಾಡಿದರೆ ಅದು ಗಟ್ಟಿಯಾಗುತ್ತದೆ. ನಾನು ಹೇಳಲು ಬಂದಿರುವುದು ಇದೊಂದನ್ನೇ.

ಸೊಂಟದ ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳು ಜೋಲಿಯ ಹಾಗೆ ಹರಡಿವೆ. ಮೂತ್ರಚೀಲ, ಗರ್ಭಕೋಶ, ಗುದನಾಳ ಮೂರಕ್ಕೂ ಅದೇ ಆಸರೆ. ಬಸಿರಿನ ಭಾರ, ಹೆರಿಗೆಯ ಒತ್ತಡ, ಮಲಬದ್ಧತೆಯಿಂದ ವರ್ಷಗಟ್ಟಲೆ ತಿಣುಕುವುದು ಇವೆಲ್ಲ ಆ ಜೋಲಿಯನ್ನು ಸಡಿಲಗೊಳಿಸುತ್ತವೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಇದಕ್ಕೆ ವ್ಯಾಯಾಮವನ್ನು 1948ರಲ್ಲೇ ಬರೆದಿಟ್ಟರು. ನಮ್ಮ ಬಾಣಂತಿಯರಿಗೆ ಎಣ್ಣೆನೀರು ಸಿಗುತ್ತದೆ, ಸಾಂಬ್ರಾಣಿ ಹೊಗೆ ಸಿಗುತ್ತದೆ, ಹೊಟ್ಟೆಗೆ ಕಟ್ಟುವ ಬಟ್ಟೆ ಸಿಗುತ್ತದೆ. ಈ ವ್ಯಾಯಾಮವನ್ನು ಹೇಳಿಕೊಡುವವರು ಮಾತ್ರ ಇಂದಿಗೂ ಸಿಗುವುದು ಅಪರೂಪ.

ಒಬ್ಬ ಹೂವಿನ ಅಮ್ಮ ನನ್ನ ಬಳಿ ಮಂಡಿನೋವಿಗೆಂದು ಬಂದಿದ್ದರು. ಮೂರು ಮಕ್ಕಳ ತಾಯಿ, ನಸುಕಿನಿಂದ ಮಾರುಕಟ್ಟೆಯಲ್ಲಿ ಕೂತು ಹೂ ಕಟ್ಟುವವರು. ಕುರ್ಚಿಯಿಂದ ಎದ್ದು ನಿಲ್ಲಿ ಎಂದೆ. ಎದ್ದವರು ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೆಯೇ ನಿಂತುಬಿಟ್ಟರು. ಕೇಳಿದ್ದಕ್ಕೆ, “ಹೆತ್ತವರಿಗೆ ಇದೆಲ್ಲ ಇದ್ದದ್ದೇ ಅಲ್ಲವೇನಮ್ಮ?” ಎಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಸ್ವಂತ ಮಗಳ ಸೀಮಂತದಲ್ಲಿ ಮುಂದೆ ಕೂರದೆ ಬಾಗಿಲ ಬಳಿ ನಿಂತಿದ್ದರು. ನಾನು ಮಂಡಿಯ ವಿಷಯವನ್ನು ಪಕ್ಕಕ್ಕಿಟ್ಟೆ.

“ನಾಲ್ಕು ಜನರ ನಡುವೆ ಹೊಟ್ಟೆಯ ಗಾಳಿಯನ್ನು ತಡೆಯುತ್ತೀರಲ್ಲ, ಆ ಜಾಗವನ್ನು ಬಿಗಿಹಿಡಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ” ಎಂದೆ. ಅವರು ಉಸಿರು ಕಟ್ಟಿ, ಕೆನ್ನೆ ಉಬ್ಬಿಸಿ, ತೊಡೆಯನ್ನು ಬಿಗಿದರು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಉಸಿರು ಸರಾಗವಾಗಿ ಆಡುತ್ತಿರಬೇಕು, ತೊಡೆ ಮತ್ತು ಪೃಷ್ಠ ಸಡಿಲವಾಗಿರಬೇಕು, ಕೆಳಕ್ಕೆ ತಿಣುಕಬಾರದು. ಅವರಿಗೆ ಅದು ಸಿದ್ಧಿಸಿದ್ದು ಮೂರನೆಯ ಭೇಟಿಯಲ್ಲಿ.

ತಿಂಗಳಾದ ಮೇಲೆ ಸಿಟ್ಟಿನಿಂದಲೇ ಬಂದರು. “ಏನೂ ಆಗಲಿಲ್ಲ, ಬಸ್ಸಿನ ದುಡ್ಡು ದಂಡ” ಎಂದರು. ಮೂರು ತಿಂಗಳು ಮಾಡದೆ ನನ್ನನ್ನು ಬೈಯಬೇಡಿ ಎಂದು ನಾನೂ ತುಸು ಗಟ್ಟಿಯಾಗಿಯೇ ಹೇಳಿದೆ. ಮಾಲೆ ಕಟ್ಟುವಾಗ ಮಾರಿಗೊಂದು ಸಲ ಬಿಗಿಹಿಡಿಯಿರಿ ಎಂದು ಲೆಕ್ಕ ಕೊಟ್ಟೆ. ನಾಲ್ಕನೆಯ ತಿಂಗಳು ಮಲೆ ಮಹದೇಶ್ವರ ಬೆಟ್ಟದ ಪ್ರಸಾದ ಹಿಡಿದುಕೊಂಡು ಬಂದರು. ಅಷ್ಟು ತಿರುವುಗಳ ಘಾಟಿಯಲ್ಲಿ ಬಸ್ಸಿನ ಧೂಳಿಗೆ ಕೆಮ್ಮಿದರಂತೆ, ಸೀನಿದರಂತೆ. ಒಂದು ಹನಿಯೂ ಜಾರಲಿಲ್ಲವಂತೆ. ಅದನ್ನು ಹೇಳುವಾಗ ಅವರ ಮುಖ ಹೇಗಿತ್ತೆಂದು ನಿಮಗೆ ತೋರಿಸಲಾಗುತ್ತಿಲ್ಲವಲ್ಲ!

ನನ್ನ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಿಸೇರಿಯನ್ ಆದವರಿಗೂ ಈ ವ್ಯಾಯಾಮ ಬೇಕು, ಬಸಿರಿನ ಭಾರವನ್ನು ಅವರೂ ಹೊತ್ತಿದ್ದಾರೆ. ಕೆಮ್ಮು ಬರುವ ಸೂಚನೆ ಸಿಕ್ಕ ಕೂಡಲೇ ಬಿಗಿಹಿಡಿದು, ಆಮೇಲೆ ಕೆಮ್ಮಿ. ಬಿಂದಿಗೆ ಎತ್ತುವ ಮುನ್ನವೂ ಹಾಗೆಯೇ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ನೀರು ಕುಡಿಯುವುದನ್ನು ಬಿಡಬೇಡಿ, ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಮತ್ತೆ ತಿಣುಕುತ್ತೀರಿ. ಉರಿ, ರಕ್ತ, ಅಥವಾ ಕೆಳಗೆ ಏನೋ ಗಂಟು ಇಳಿದಂತೆ ಅನಿಸಿದರೆ ವೈದ್ಯರಿಗೆ ತೋರಿಸಿ, ನಾಚಬೇಡಿ.

ಈಗ ಕೂತಲ್ಲಿಯೇ ನನ್ನ ಜೊತೆ ಮಾಡಿ. ಪಕ್ಕದಲ್ಲಿರುವವರಿಗೂ ತಿಳಿಯುವುದಿಲ್ಲ. ಬಿಗಿಹಿಡಿಯಿರಿ. ಒಂದು, ಎರಡು, ಮೂರು, ನಾಲ್ಕು, ಐದು. ಪೂರ್ತಿ ಸಡಿಲ ಬಿಡಿ, ಮತ್ತೆ ಐದು ಎಣಿಸಿ. ಇದು ಒಂದಾಯಿತು. ಈ ಹೊತ್ತಿಗೆ ಇನ್ನು ಒಂಬತ್ತು, ಮಧ್ಯಾಹ್ನಕ್ಕೆ ಹತ್ತು, ರಾತ್ರಿ ಮಲಗುವ ಮುನ್ನ ಹತ್ತು. ನಮಸ್ಕಾರ.