ಶಿವಮೊಗ್ಗದಲ್ಲಿ ಮನೆ ರುಚಿ ಹೋಟ್ಲು ಹುಡುಕೋದು ಹೆಂಗೆ? ರೇಟಿಂಗ್ ಪಕ್ಕಕ್ಕಿಡಿ ಮಾರಾಯ್ರೆ!

[ಶಾಟ್: ವಿನೋಬನಗರದ ರಸ್ತೆ, ಮಳೆ, ಕೊಡೆ ಹಿಡ್ಕೊಂಡು ನಡೀತಾ ಮಾತು]

ನಮಸ್ಕಾರ ಎಲ್ರಿಗೂ. ಮಳೆ ಸೌಂಡ್ ಜಾಸ್ತಿ ಬರ್ತಿದ್ರೆ ಬೈಕೋಬೇಡಿ, ಜುಲೈ ತಿಂಗಳು, ಶಿವಮೊಗ್ಗ, ಎಂತ ಮಾಡಕ್ಕಾಗುತ್ತೆ.

ಈ ವಿಡಿಯೋ ಶುರುವಾಗಿದ್ದು ನಮ್ಮ ಚಿಕ್ಕಮ್ಮನ ಮಗನಿಂದ. ಮೈಸೂರಿಂದ ಇಲ್ಲಿಗೆ ಬ್ಯಾಂಕ್ ಕೆಲ್ಸಕ್ಕೆ ಬಂದು ವಿನೋಬನಗರದಲ್ಲಿ ರೂಮ್ ಮಾಡ್ಕೊಂಡು ಎರಡು ತಿಂಗಳಾತು, ಎರಡು ತಿಂಗಳೂ ಆ್ಯಪಲ್ಲಿ ಫ್ರೈಡ್ ರೈಸ್ ತರಿಸ್ಕೊಂಡೇ ತಿಂದಿದಾನೆ, ಕೊನೆಗೆ ಜ್ವರ ಬಂದ ದಿನ ಫೋನ್ ಮಾಡಿ "ಅಣ್ಣಾ, ಇಲ್ಲೆಲ್ಲಾದ್ರೂ ಬಿಸಿ ಅನ್ನ ತಿಳಿಸಾರು ಸಿಗುತ್ತಾ" ಅಂದ. ಹುಟ್ಟೂರಲ್ಲೇ ಇರೋ ನಂಗೂ ಥಟ್ ಅಂತ ಹೇಳಕ್ಕಾಗ್ಲಿಲ್ಲ. ಅವತ್ತೇ ಡಿಸೈಡ್ ಮಾಡಿದ್ದು, ಇದನ್ನ ಸರಿಯಾಗಿ ಹುಡುಕ್ಬೇಕು ಅಂತ.

ಮೊದಲು ನಾನು ಏಮಾರಿದ ಕಥೆ. ಹೆಸರು ಬೇಡ, ಒಂದು ಹೋಟ್ಲು, ಮ್ಯಾಪಲ್ಲಿ 4.6 ರೇಟಿಂಗು, ಬೋರ್ಡಲ್ಲಿ ಮಲೆನಾಡು ಶೈಲಿ ಅಂತ ಬೇರೆ ಇತ್ತು. ಅಕ್ಕಿ ರೊಟ್ಟಿ ಹೇಳಿದೆ. ಬಂತು ನೋಡಿ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಕಾವಲಿ ಮೇಲೆ ತಟ್ಟಿದ ರೊಟ್ಟಿ. ಅದು ಬೆಂಗ್ಳೂರು ಮೈಸೂರು ಕಡೆ ರೊಟ್ಟಿ, ರುಚಿಯಾಗೇ ಇರುತ್ತೆ, ಜಗಳ ಇಲ್ಲ. ಆದ್ರೆ ನಮ್ಮ ಕಡೆದು ಹಿಟ್ಟನ್ನ ನೀರಲ್ಲಿ ಉಕ್ಕರಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯಿಂದ ಎತ್ತಿ ಕೆಂಡದ ಮೇಲೆ ಹಾಕಿದ್ರೆ ಪೂರಿ ತರ ಉಬ್ಬೋ ಬಿಳಿ ರೊಟ್ಟಿ ಅಲ್ದಾ? ಮನೆಗೆ ಬಂದು ಆ ರಿವ್ಯೂಗಳನ್ನ ಕೂತು ಓದಿದೆ. ಲೈಟಿಂಗ್ ಸೂಪರ್, ಉಯ್ಯಾಲೆ ಇದೆ, ಪಾರ್ಕಿಂಗ್ ಇದೆ. ರೊಟ್ಟಿ ಬಗ್ಗೆ ಒಬ್ಬನೂ ಒಂದು ಮಾತು ಬರ್ದಿಲ್ಲ!

[ಶಾಟ್: ಮೊಬೈಲ್ ಸ್ಕ್ರೀನ್]

ಹಂಗಂತ ಮ್ಯಾಪ್ ವೇಸ್ಟ್ ಅಂತಲ್ಲ, ನಾವು ಕೇಳೋ ರೀತಿ ಸರಿ ಇಲ್ಲ. ಹತ್ತಿರದ ಒಳ್ಳೆ ರೆಸ್ಟೋರೆಂಟ್ ಅಂತ ಹುಡುಕಿದ್ರೆ ನೀವು ಟೈಪ್ ಮಾಡಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ, ಆ ಜಾಗಕ್ಕೆ ಎಷ್ಟು ಹೆಸರಿದೆ, ಮುಖ್ಯವಾಗಿ ಈ ಮೂರು ನೋಡಿ ಗೂಗಲ್ ಸಾಲಾಗಿ ನಿಲ್ಸುತ್ತೆ. ಸಾರಿನ ರುಚಿ ಅದಕ್ಕೇನು ಗೊತ್ತು. ಅದ್ರ ಬದ್ಲು ಪದಾರ್ಥದ ಹೆಸರು ಹಾಕಿ. ಕಡುಬು, ನೀರ್ ದೋಸೆ, ಮೆಸ್, ಖಾನಾವಳಿ. ಜನ ರಿವ್ಯೂಲಿ ಈ ಪದ ಬರ್ದಿದ್ರೆ ಅಂಥ ಜಾಗ ಮೇಲೆ ಬರುತ್ತೆ. ಆಮೇಲೆ ರಿವ್ಯೂಗಳನ್ನ ಹೊಸದು ಮೊದಲು ಬರೋ ಹಂಗೆ ಇಟ್ಕೊಳಿ, ಯಾಕಂದ್ರೆ ಆ 4.6 ಅನ್ನೋದು ಹಳೇ ವರ್ಷದ್ದೂ ಸೇರಿದ ಸರಾಸರಿ, ನಡುವೆ ಅಡುಗೆ ಭಟ್ರು ಬಿಟ್ಟು ಹೋಗಿದ್ರೆ ನಂಬರ್ ಅಲ್ಲೇ ಇರುತ್ತೆ, ರುಚಿ ಭಟ್ರ ಜೊತೆ ಬಸ್ ಹತ್ತಿರುತ್ತೆ.

ಆದ್ರೂ ಫೋನಿಂದ ಅರ್ಧ ಕೆಲ್ಸ ಅಷ್ಟೇ. ಏರಿಯಾ ಓದಕ್ಕೆ ಬರ್ಬೇಕು. ಅಲ್ಲಿ ದಿನಾ ಯಾರು ಊಟ ಮಾಡ್ತಾರೆ? ಮೆಗ್ಗಾನ್ ಆಸ್ಪತ್ರೆ ಸುತ್ತ ಪೇಷೆಂಟ್ ಕಡೆಯವ್ರು ಇರ್ತಾರೆ, ಅವ್ರಿಗೆ ಬೇಕಾಗಿರೋದು ಮೆತ್ತಗಿನ ಇಡ್ಲಿ, ಅನ್ನ ಸಾರು. ಎಪಿಎಂಸಿ ಯಾರ್ಡ್ ಕಡೆ ಅಡಿಕೆ ಮಾರಕ್ಕೆ ಬಂದವ್ರು, ಹಮಾಲಿ ಮಾಡೋರು, ಅವ್ರಿಗೆ ಹೊಟ್ಟೆ ತುಂಬೋ ತಿಂಡಿ ಬೇಕು. ಒಂದ್ಸಲ ಬಂದು ಫೋಟೋ ತಗೊಂಡು ಹೋಗೋ ಗಿರಾಕಿ ಇರೋ ಕಡೆ ಸಾರು ಕೆಟ್ರೂ ನಡೆಯುತ್ತೆ, ದಿನಾ ಬರೋರ ಹತ್ರ ನಡೆಯಲ್ಲ, ನಾಳೆಯಿಂದ ಪಕ್ಕದ ಹೋಟ್ಲಿಗೆ ಹೋಗ್ತಾರೆ ಅಷ್ಟೇ.

ಇನ್ನೊಂದು, ನಮ್ಮೂರು ಗಡಿ ಮೇಲೆ ಕೂತಿರೋ ಊರು. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ, ಪೂರ್ತಿ ಕಾಡು ಮಳೆ. ಇನ್ನೊಂದು ಕಡೆ ಹೊನ್ನಾಳಿ, ಚನ್ನಗಿರಿ, ಬಯಲು. ಅದಕ್ಕೇ ಇಲ್ಲಿ ಕಡುಬು ಕೋಳಿ ಸಾರೂ ಸಿಗುತ್ತೆ, ಜೋಳದ ರೊಟ್ಟಿ ಎಣ್ಣೆಗಾಯಿನೂ ಸಿಗುತ್ತೆ. ನಿಮ್ಮ ಹಿತದ ಊಟ ಯಾವ್ದು ಅಂತ ಮೊದ್ಲು ನೀವೇ ತಿಳ್ಕೊಳಿ. ಧಾರವಾಡದವ್ರಿಗೆ ಪತ್ರೊಡೆ ಕೊಟ್ಟು ಸಮಾಧಾನ ಆಗು ಅಂದ್ರೆ ಹೆಂಗೆ?

[ಶಾಟ್: ಬಾಳೆ ಎಲೆ, ಅನ್ನ, ಸಾರು]

ಸರಿ, ಹೋಟ್ಲು ಒಳಗೆ ಹೋದ್ರಿ. ನಾನು ಮೊದ್ಲು ನೋಡೋದು ಒಬ್ಬೊಬ್ರೇ ಕೂತು ಊಟ ಮಾಡೋರು ಎಷ್ಟು ಜನ ಇದಾರೆ ಅಂತ. ಮೆನು ನೋಡದೇ ಕೂತ್ಕೊಂಡು, ಸಪ್ಲೈಯರ್ ಕೇಳದೇ ತಂದಿಡ್ತಾನಲ್ಲ, ಅಂಥವ್ರು ನಾಲ್ಕು ಜನ ಕಂಡ್ರೆ ನಾನೂ ಕೂತ್ಕೋತೀನಿ. ಆಮೇಲೆ ಒಂದೇ ಪ್ರಶ್ನೆ, "ಇವತ್ತು ಸಾರು ಎಂತದು?" ಬಸಳೆ, ಹೀರೆಕಾಯಿ, ಹಿಂಗೆ ಒಂದು ಹೆಸರು ತಕ್ಷಣ ಬಂದ್ರೆ ಬೆಳಗ್ಗೆ ಮಾಡಿದಾರೆ ಅಂತ ಅರ್ಥ. "ಎಲ್ಲಾ ಇದೆ ಸರ್" ಅಂದ್ರೆ ನಂಗೆ ಫ್ರಿಜ್ ಕಣ್ಮುಂದೆ ಬರುತ್ತೆ.

ಮಳೆಗಾಲದಲ್ಲಿ ದೋಸೆಗಿಂತ ನೀರ್ ದೋಸೆ ಹೇಳಿ. ಉದ್ದಿನ ದೋಸೆ ಹಿಟ್ಟು ಹುಳಿ ಬರ್ಬೇಕು, ಈ ಥಂಡಿಗೆ ರಾತ್ರಿ ಇಟ್ಟಿದ್ದು ಬೆಳಗ್ಗೆಗೆ ಸರಿಯಾಗಿ ಉಬ್ಬಲ್ಲ, ಕೆಲವ್ರು ಸೋಡಾ ಹಾಕಿ ಸುಧಾರಿಸ್ತಾರೆ. ನೀರ್ ದೋಸೆಗೆ ಆ ತಾಪತ್ರಯ ಇಲ್ಲ, ನೆನೆಸಿದ ಅಕ್ಕಿ ರುಬ್ಬಿ ನೀರು ಮಾಡಿ ಹುಯ್ಯೋದೇ. ಕಳಲೆ ಪಲ್ಯ ಕಂಡ್ರೆ ಮಾತ್ರ ಬಿಡ್ಬೇಡಿ. ಎಳೆ ಬಿದಿರು ಹೆಚ್ಚಿ, ದಿನಾ ನೀರು ಬದಲಾಯಿಸ್ತಾ ಎರಡು ಮೂರು ದಿನ ನೆನೆಸಿದ್ರೇನೇ ಅದ್ರ ಕಹಿ, ವಿಷದಂಶ ಹೋಗೋದು, ಅಷ್ಟು ತಾಳ್ಮೆ ಇರೋ ಅಡುಗೆಮನೆ ಬೇರೆದನ್ನೂ ಹಾಳು ಮಾಡಿರಲ್ಲ ಅಂತ ನನ್ನ ನಂಬಿಕೆ. ಉಪ್ಪಿನಕಾಯಿಲಿ ಇಡೀ ಅಪ್ಪೆಮಿಡಿ ಬಂತು ಅಂದ್ರಂತೂ ನಾನು ಇನ್ನೊಂದ್ಸಲ ಮಜ್ಜಿಗೆ ಅನ್ನ ಹಾಕಿಸ್ಕೋತೀನಿ.

ಕ್ಲೀನ್ ಬಗ್ಗೆ ಜಾಸ್ತಿ ಹೇಳಲ್ಲ, ಕೈ ತೊಳೆಯೋ ಜಾಗ ನೋಡಿ ಸಾಕು. ಗೋಡೆ ಮೇಲೆ ಎಫ್ಎಸ್ಎಸ್ಎಐ, ಅಂದ್ರೆ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಕೊಟ್ಟಿರೋ ನಂಬರ್ ಇರುತ್ತೆ, 14 ಅಂಕಿ. 1ರಿಂದ ಶುರುವಾದ್ರೆ ಲೈಸೆನ್ಸು, 2 ಇದ್ರೆ ಸಣ್ಣ ವ್ಯಾಪಾರದ ರಿಜಿಸ್ಟ್ರೇಷನ್ನು. ನಾಲ್ಕನೇ ಐದನೇ ಅಂಕಿ ಆ ನಂಬರ್ ಕೊಟ್ಟ ವರ್ಷ, 17 ಅಂತಿದ್ರೆ 2017. ಸಾರು ಬರೋವರೆಗೆ ಟೈಮ್ ಪಾಸ್ ಆಗುತ್ತೆ.

ನಮ್ಮ ಹುಡುಗಂಗೆ ಏನಾತು ಅಂದ್ರೆ, ರಾತ್ರಿ ಎಂಟಕ್ಕೆ ಆಟೋ ಸ್ಟ್ಯಾಂಡಲ್ಲಿ ನಿಂತು "ಅಣ್ಣಾ, ನೀವು ಊಟ ಎಲ್ಲಿ ಮಾಡ್ತೀರಿ" ಅಂತ ಕೇಳಿದ್ವಿ. ಒಳ್ಳೆ ಹೋಟ್ಲು ಯಾವ್ದು ಅಂತ ಕೇಳಿದ್ರೆ ಅವ್ರು ದೊಡ್ಡ ಬೋರ್ಡಿನ ಹೋಟ್ಲು ತೋರಿಸ್ತಾರೆ, ನೀವೆಲ್ಲಿ ಅಂತ ಕೇಳ್ಬೇಕು. ಕೈ ತೋರಿಸಿದ್ರು, ಎರಡನೇ ಅಡ್ಡರಸ್ತೆ ಒಳಗೆ ಒಂದು ಮೆಸ್ಸು, ನಾಲ್ಕೇ ಟೇಬಲ್ಲು. ತಿಳಿಸಾರು ಇತ್ತು, ಹಲಸಿನ ಹಪ್ಪಳನೂ ಇತ್ತು, ಹುಡುಗ ಮೂರು ಸಲ ಅನ್ನ ಹಾಕಿಸ್ಕೊಂಡ.

ಅಡ್ರೆಸ್ ಹಾಕಿ ಅಂತ ಕಾಮೆಂಟಲ್ಲಿ ಕೇಳ್ಬೇಡಿ. ಕ್ಯಾಮೆರಾ ತೆಗ್ದಿದ್ದಕ್ಕೇ ಅಲ್ಲಿನ ಅಮ್ಮ ಬೈದ್ರು, "ಮೂವತ್ತು ಜನಕ್ಕೆ ಅಡುಗೆ ಮಾಡೋಳು ನಾನು, ನಿನ್ನ ವಿಡಿಯೋ ನೋಡಿ ನೂರು ಜನ ಬಂದ್ರೆ ನೀನು ಬಂದು ಪಾತ್ರೆ ತೊಳಿತೀಯಾ?"