ಕೊಡೆಯಿಂದ ಬಿದ್ದ ಡಬ್ಬಿ: ಅಂಗಡಿ ಕಳವು ಮತ್ತು ಅದನ್ನು ತಡೆಯಬಲ್ಲ ತರಗತಿ

ಹಿರಿಯರೇ, ವರ್ತಕ ಮಿತ್ರರೇ, ಶಿಕ್ಷಕ ಬಂಧುಗಳೇ,

ಕಳೆದ ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಡೆದ ಒಂದು ಸಂಗತಿಯಿಂದ ಮಾತು ಆರಂಭಿಸುತ್ತೇನೆ. ನಮ್ಮ ಕೊಡಗು ಜಿಲ್ಲೆಯದೇ ಒಂದು ಪಟ್ಟಣ. ಯಾವ ಪಟ್ಟಣ, ಯಾರ ಅಂಗಡಿ ಎಂಬುದನ್ನು ಬೇಕೆಂದೇ ಹೇಳುವುದಿಲ್ಲ. ಸಂಜೆ ನಾಲ್ಕೂವರೆಯ ಹೊತ್ತು, ಶಾಲೆ ಬಿಟ್ಟ ಮಕ್ಕಳು ಬಸ್ಸು ಬರುವವರೆಗೆ ಮಳೆಯಿಂದ ತಪ್ಪಿಸಿಕೊಳ್ಳಲು ಅಂಗಡಿಯೊಳಗೆ ನಿಂತಿದ್ದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಅರ್ಧ ಮಡಚಿದ ಒದ್ದೆ ಕೊಡೆಯನ್ನು ಮಣಿಕಟ್ಟಿಗೆ ತೂಗುಹಾಕಿಕೊಂಡು, ಕ್ರೀಮು ಪೌಡರುಗಳ ಸಾಲಿನ ಮುಂದೆ ಒಂದಿಷ್ಟು ಹೊತ್ತು ನಿಂತಳು. ಆಮೇಲೆ ಹತ್ತು ರೂಪಾಯಿಯ ಬಿಸ್ಕತ್ತಿಗೆ ದುಡ್ಡು ಕೊಟ್ಟು, ಮೆಟ್ಟಿಲಿಗೆ ಬಂದು ಕೊಡೆ ಬಿಚ್ಚಿದಳು. ಕಡ್ಡಿಗಳ ನಡುವಿನಿಂದ ಲಿಪ್ ಬಾಮ್‌ನ ಪುಟ್ಟ ಡಬ್ಬಿಯೊಂದು ಕೆಳಗೆ ಬಿದ್ದು, ಉರುಳಿ, ಚರಂಡಿಯ ಅಂಚಿನಲ್ಲಿ ನಿಂತಿತು. ಅದರ ಬೆಲೆ 125 ರೂಪಾಯಿ.

ಮುಂದಿನ ಅರ್ಧ ಗಂಟೆಯಲ್ಲಿ ಅವಳ ಚೀಲವನ್ನು ಎಲ್ಲರೆದುರು ಸುರಿದು ನೋಡಲಾಯಿತು. ಅದೇ ರಾತ್ರಿ ಸಿಸಿಟಿವಿಯ ತುಣುಕು ವರ್ತಕರ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿಂದ ಪೋಷಕರ ಗುಂಪಿಗೆ ಬಂತು. ಹನ್ನೊಂದು ದಿನ ಹುಡುಗಿ ಶಾಲೆಗೆ ಹೋಗಲಿಲ್ಲ. ಅವಳ ತಾಯಿ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಹಾಗಾಗಿ ಹನ್ನೆರಡನೆಯ ದಿನ ನನ್ನನ್ನು ಕರೆದರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯನ್ನು ನಾನೂ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನೇ. ಇನ್ನೂ ಕೈಚಾಚದವನಿಗೆ ಅದು ಒಳ್ಳೆಯ ಎಚ್ಚರಿಕೆ. ಆದರೆ ಆಗಲೇ ಕೈಚಾಚಿ ಸಿಕ್ಕಿಬಿದ್ದವನ ಕಿವಿಯಲ್ಲಿ ಅದು ಬೇರೆಯದೇ ಮಾತಾಗಿ ಕೇಳುತ್ತದೆ: ಹೋದ ಮಾನ ಹೇಗೂ ಬರುವುದಿಲ್ಲ ಎಂದ ಮೇಲೆ ಎರಡನೆಯ ಅಡಿಕೆಗೆ ಹೆದರುವುದೇಕೆ? ಮೊದಲ ಬಾರಿ ತಪ್ಪಿದವರಿಗೆ ಮಾನ ಮರಳಿ ಪಡೆಯುವ ಒಂದು ದಾರಿ ಊರಿನಲ್ಲಿ ಇರಬೇಕು, ಅಂಥವರಿಗೆಂದೇ ನಡೆಸುವ ತರಗತಿಯೆಂಬುದು ಆ ದಾರಿಗಳಲ್ಲೊಂದು ಎಂಬುದಷ್ಟೇ ನಾನು ಇಂದು ಹೇಳಬೇಕಾದದ್ದು.

ನಾನು ದಿನಸಿ ಅಂಗಡಿಯವನ ಮಗ, ಆದ್ದರಿಂದ ವರ್ತಕರ ಕಷ್ಟ ನನಗೆ ಹೊರಗಿನದಲ್ಲ. ಅಪ್ಪನ ಅಂಗಡಿಯಲ್ಲಿ ಗಿರಾಕಿಗೂ ಮಾಲಿಗೂ ನಡುವೆ ಹಲಸಿನ ಹಲಗೆಯ ಮೇಜಿತ್ತು. ಕೇಳಿದ್ದನ್ನು ಅಪ್ಪ ಎತ್ತಿ ಕೊಡುತ್ತಿದ್ದರು, ಕೇಳದ್ದು ಕೈಗೆ ಎಟುಕುತ್ತಿರಲಿಲ್ಲ. ಆ ಮೇಜನ್ನು ತೆಗೆದುಹಾಕಿದ್ದು ವ್ಯಾಪಾರದ ಲೆಕ್ಕಾಚಾರ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಯೇ ಒಳಗೆ ಸುತ್ತಿ ಬೇಕಾದ್ದನ್ನು ಬುಟ್ಟಿಗೆ ಹಾಕಿಕೊಳ್ಳುವ ಪದ್ಧತಿ ತಂದ. ಕೈಗೆ ಸಿಕ್ಕಿದ ವಸ್ತು ಬೇಗ ಮಾರಾಟವಾಗುತ್ತದೆ ಎಂಬುದೇ ಆ ಪದ್ಧತಿಯ ಗುಟ್ಟು, ಮತ್ತು ಕೈಗೆ ಸಿಕ್ಕಿದ ವಸ್ತು ಬೇಗ ಮಾಯವೂ ಆಗುತ್ತದೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲುಗಳ ಸೂಪರ್ ಮಾರ್ಕೆಟ್ಟುಗಳಲ್ಲೂ, ಪ್ರವಾಸಿಗರಿಗಾಗಿ ಚಾಕೊಲೇಟು, ಏಲಕ್ಕಿ, ಕರಿಮೆಣಸು, ಜೇನು, ಕಾಫಿಪುಡಿ ಜೋಡಿಸಿಟ್ಟ ಅಂಗಡಿಗಳಲ್ಲೂ ಈಗ ನಡೆಯುತ್ತಿರುವುದು ಇದೇ. ಆಸೆ ಹುಟ್ಟಿಸುವಂತೆ ಮಾಲು ಜೋಡಿಸುವುದು ತಪ್ಪಲ್ಲ, ಆದರೆ ಆಸೆ ಹುಟ್ಟಿತೆಂದು ಅಚ್ಚರಿಪಡುವುದು ಸ್ವಲ್ಪ ವಿಚಿತ್ರ.

ಅಂಗಡಿಯಲ್ಲಿ ಕದಿಯುವವರೆಲ್ಲ ಒಂದೇ ಬಗೆಯವರಲ್ಲ. ಮಾರಿ ಹಣ ಮಾಡಲೆಂದೇ ಬರುವ ಪಳಗಿದ ತಂಡಗಳಿವೆ; ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆಯ ರಾತ್ರಿಯಂಥ ಜನಜಂಗುಳಿಯಲ್ಲಿ ಒಬ್ಬ ಮಾತಿಗೆಳೆದರೆ ಇನ್ನೊಬ್ಬ ಎಗರಿಸುತ್ತಾನೆ. ಅವರಿಗೆ ಪೊಲೀಸರೇ ಸರಿ, ನನ್ನ ತರಗತಿಯಲ್ಲಿ ಅವರಿಗೆ ಕೆಲಸವಿಲ್ಲ. ಇನ್ನೊಂದು ತುದಿಯಲ್ಲಿ ಕ್ಲೆಪ್ಟೋಮೇನಿಯಾ ಎಂಬ ಕಾಯಿಲೆಯಿದೆ: ಬೇಕಿಲ್ಲದ, ಬಳಸದ ವಸ್ತುವನ್ನೂ ಎತ್ತಿಕೊಳ್ಳುವ ತಡೆಯಲಾಗದ ಒತ್ತಡ, ಎತ್ತಿಕೊಂಡ ಕ್ಷಣದ ನಿರಾಳ, ಅದರ ಬೆನ್ನಿಗೇ ನಾಚಿಕೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಇದು ಜನಸಂಖ್ಯೆಯಲ್ಲಿ ಶೇಕಡಾ 0.3ರಿಂದ 0.6 ಮಂದಿಗೆ ಮಾತ್ರ ಇರಬಹುದಾದದ್ದು. ಅಂಥವರಿಗೆ ವೈದ್ಯರು ಬೇಕು. ಇತ್ತೀಚೆಗೆ ಸಿಕ್ಕಿಬಿದ್ದ ಮಕ್ಕಳ ಪೋಷಕರೆಲ್ಲ ಈ ಹೆಸರನ್ನೇ ಹಿಡಿದು ಬರುತ್ತಾರೆ. ಮಗ ಕಳ್ಳ ಎನ್ನುವುದಕ್ಕಿಂತ ಮಗನಿಗೆ ಕಾಯಿಲೆ ಎನ್ನುವುದು ನಾಲಿಗೆಗೆ ಹಗುರವೇನೋ.

ಉಳಿದವರು ಈ ಎರಡೂ ಅಲ್ಲದ, ನಮ್ಮ ನಿಮ್ಮಂಥವರು. ಮೇರಿ ಓವೆನ್ ಕ್ಯಾಮರೂನ್ ಎಂಬ ಸಮಾಜಶಾಸ್ತ್ರಜ್ಞೆ ಚಿಕಾಗೋದ ಅಂಗಡಿ ದಾಖಲೆಗಳನ್ನು ಅಭ್ಯಾಸ ಮಾಡಿ 1964ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ವೃತ್ತಿಕಳ್ಳರಲ್ಲ, ತಮ್ಮನ್ನು ಕಳ್ಳರೆಂದು ಎಂದೂ ಎಣಿಸಿಕೊಳ್ಳದ ಸಾಮಾನ್ಯ ಜನ. ಹಿಡಿದವರು 'ಇದು ಕಳವು' ಎಂದು ಹೆಸರಿಟ್ಟು ಹೇಳಿದಾಗಲೇ ಅವರಿಗೆ ತಾವು ಮಾಡಿದ್ದೇನೆಂದು ಮೊದಲ ಬಾರಿಗೆ ತಟ್ಟುತ್ತದೆ, ಬಹುಪಾಲು ಮಂದಿ ಮತ್ತೆ ಆ ದಾರಿಗೆ ಹೋಗುವುದಿಲ್ಲ. ಹಾಗಿದ್ದ ಮೇಲೆ, ಸಿಕ್ಕಿಬಿದ್ದ ಆ ಗಳಿಗೆ ಕಲಿಕೆಗೆ ಅತ್ಯಂತ ಹದವಾದ ಗಳಿಗೆ, ಅದನ್ನೇ ನಾವು ಚೀಲ ಸುರಿಯುವುದರಲ್ಲಿ ಕಳೆದುಬಿಡುತ್ತೇವೆ.

ತಮ್ಮನ್ನು ಕಳ್ಳರೆಂದು ಎಣಿಸಿಕೊಳ್ಳದೆ ಕದಿಯುವುದು ಹೇಗೆ ಸಾಧ್ಯ? ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಇಬ್ಬರು ವಿದ್ವಾಂಸರು 1957ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಪ್ಪು ಮಾಡುವವನು ಮೊದಲು ಮನಸ್ಸಿನಲ್ಲೇ ಒಂದು ಸಮಜಾಯಿಷಿ ಸಿದ್ಧಮಾಡಿಕೊಳ್ಳುತ್ತಾನೆ. ಕೈ ಮುಂದಾಗುವುದು ಆಮೇಲೆ. ಅವರ ಪಟ್ಟಿಯನ್ನು ಓದಿದಾಗ, ಮಕ್ಕಳು ನನ್ನೆದುರು ಕುಳಿತು ಹೇಳಿದ ಮಾತುಗಳೇ ಅಲ್ಲಿ ಅಚ್ಚಾದಂತೆ ಕಂಡವು. "ಅಷ್ಟು ದೊಡ್ಡ ಅಂಗಡಿಗೆ ಇದೊಂದು ಲೆಕ್ಕವಾ ಸಾರ್?" "ಅವರೇ ಜಾಸ್ತಿ ರೇಟು ಹಾಕಿ ನಮ್ಮನ್ನು ದೋಚುತ್ತಾರಲ್ಲ." "ಫ್ರೆಂಡ್ಸೆಲ್ಲ ತಗೊಂಡರು, ನಾನೊಬ್ಬನೇ ಹೇಗೆ ಸುಮ್ಮನಿರಲಿ?" ಇವು ಬೈಗುಳಕ್ಕೆ ಕರಗುವ ಮಾತುಗಳಲ್ಲ, ಬೈದಷ್ಟೂ ಒಳಗೆ ಗಟ್ಟಿಯಾಗುತ್ತವೆ. ಇವನ್ನು ಬಾಯಿಬಿಟ್ಟು ಹೇಳಿಸಿ, ಒಂದೊಂದನ್ನೇ ಎತ್ತಿಕೊಂಡು ಸತ್ಯವೇ ಎಂದು ಪರೀಕ್ಷಿಸುವುದೇ ತರಗತಿಯ ಮುಖ್ಯ ಕೆಲಸ.

ತರಗತಿಯ ಮಾತಿಗೆ ಹೋಗುವ ಮುನ್ನ ಯಾರ ಮೇಲೆ ನಮ್ಮ ಕಣ್ಣಿರುತ್ತದೆ ಎಂಬುದನ್ನೂ ಹೇಳಬೇಕು, ಇದು ಕೆಲವರಿಗೆ ಹಿಡಿಸದಿದ್ದರೂ ಸರಿ. ಬಟವಾಡೆಯ ಮರುದಿನ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬಂದ ಹೆಂಗಸು ಅಂಗಡಿ ಹೊಕ್ಕರೆ ಕೆಲಸದ ಹುಡುಗ ಹಿಂದೆಯೇ ನಡೆಯುತ್ತಾನೆ; ಬುಡಕಟ್ಟಿನವರಾದ ಯರವರ, ಕುರುಬರ ಹಾಡಿಯ ಮಕ್ಕಳು ಬಂದರೆ "ಏನು ಬೇಕು?" ಎಂಬ ಪ್ರಶ್ನೆಯ ದನಿಯೇ ಬೇರೆ. ಅದೇ ಹೊತ್ತಿಗೆ ಕಾರಿನಿಂದಿಳಿದು ಬಂದವರು ರುಚಿ ನೋಡುವ ನೆಪದಲ್ಲಿ ಅಂಗೈ ತುಂಬ ಗೋಡಂಬಿ ತುಂಬಿಕೊಂಡರೂ ನಾವು ನಗುತ್ತೇವೆ. ಹುಟ್ಟಿನಿಂದಲೇ ಕೆಲವರು ಕಳ್ಳರು ಎಂದು ಬರೆದಿಟ್ಟ ಕಾನೂನು ಈ ದೇಶದಲ್ಲಿ 1871ರಿಂದ ಇತ್ತು. ಅದನ್ನು 1952ರಲ್ಲಿ ರದ್ದುಮಾಡಲಾಯಿತು. ಕಾನೂನು ಹೋಗಿ ಎಪ್ಪತ್ತು ವರ್ಷ ಕಳೆದರೂ ಅದರ ಕಣ್ಣು ನಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ಇದೆ.

ಶಿಕ್ಷೆಯನ್ನು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ಕಥೆ ಸಾಕು. ಅಲ್ಲಿ 1699ರ ಕಾಯಿದೆಯೊಂದು ಐದು ಶಿಲಿಂಗ್ ಅಥವಾ ಹೆಚ್ಚು ಬೆಲೆಯ ಅಂಗಡಿ ಕಳವಿಗೆ ಮರಣದಂಡನೆಯನ್ನೇ ವಿಧಿಸಿತು. ಫಲವೇನಾಯಿತೆಂದರೆ, ನ್ಯಾಯಾಲಯದಲ್ಲಿ ತೀರ್ಪು ಹೇಳುವ ಪಂಚರಾಗಿ (ಜ್ಯೂರಿ) ಕುಳಿತವರು ಎಷ್ಟೋ ಬಾರಿ ಕಣ್ಣಿಗೆ ಕಾಣುವಷ್ಟು ದುಬಾರಿಯಾದ ಮಾಲಿಗೂ ಐದು ಶಿಲಿಂಗ್‌ಗಿಂತ ಕಡಿಮೆ ಬೆಲೆ ಕಟ್ಟಿ ಆರೋಪಿಯ ಕುತ್ತಿಗೆ ಉಳಿಸಿದರು. ಕಳವು ನಿಲ್ಲಲಿಲ್ಲ, ನ್ಯಾಯಾಲಯದಲ್ಲಿ ಸುಳ್ಳು ಮಾತ್ರ ಹೆಚ್ಚಿತು.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಕಳವಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆದರೆ ಅದೇ ಕಲಮಿನಲ್ಲಿ ಹೊಸದೊಂದು ಮಾತು ಸೇರಿದೆ: ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಹದಿನೆಂಟು ತುಂಬದವರ ವಿಷಯಕ್ಕೆ 2015ರ ಬಾಲನ್ಯಾಯ ಕಾಯಿದೆಯಿದೆ. ಅದರ ಪ್ರಕಾರ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿಯು ಬುದ್ಧಿಹೇಳಿ ಮನೆಗೆ ಕಳುಹಿಸಬಹುದು, ಗುಂಪು ಸಮಾಲೋಚನೆಗೆ ಹಾಜರಾಗುವಂತೆ ಆದೇಶಿಸಬಹುದು. ಎಂದರೆ ತರಗತಿಗೆ ಕಾನೂನಿನಲ್ಲೇ ಜಾಗವಿದೆ. ವಾಟ್ಸಾಪ್ ಪ್ರಿಯರು ಇನ್ನೊಂದನ್ನು ತಿಳಿದಿರಬೇಕು: ಇದೇ ಕಾಯಿದೆಯ 74ನೇ ಕಲಮಿನಂತೆ ಇಂಥ ಮಗುವಿನ ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 125 ರೂಪಾಯಿಯ ಡಬ್ಬಿಗಾಗಿ ತುಣುಕು ಹರಡಿದವರು ಈ ಲೆಕ್ಕ ಹಾಕಿರಲಿಲ್ಲ.

ಇನ್ನು ತರಗತಿ. ಅಮೆರಿಕದ ಹಲವು ನ್ಯಾಯಾಲಯಗಳು ಮೊದಲ ತಪ್ಪಿಗೆ ಕೆಲವು ಗಂಟೆಗಳ ಇಂಥ ಪಾಠವನ್ನು ವಿಧಿಸುತ್ತವೆ. ಅಲ್ಲಿಂದ ಕಲಿಯಬೇಕಾದದ್ದೂ ಇದೆ, ಕಲಿಯಬಾರದ್ದೂ ಇದೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ಸೆರೆಮನೆಯೊಂದಕ್ಕೆ ಹುಡುಗರನ್ನು ಕರೆದೊಯ್ದು ಕೈದಿಗಳಿಂದ ಬೆದರಿಸುವ ಕಾರ್ಯಕ್ರಮ ಬಹಳ ಹೆಸರು ಮಾಡಿತ್ತು. ಮುಂದೆ ಅಂಥ ಕಾರ್ಯಕ್ರಮಗಳನ್ನು ಪರೀಕ್ಷಿಸಿ ನೋಡಿದಾಗ, ಹೋಗಿ ಬಂದವರೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ಹಾಗೆಯೇ, ಪೊಲೀಸರಿಗೆ ಹೇಳದಿರಬೇಕಾದರೆ ನಮ್ಮ ತರಗತಿಗೆ ಶುಲ್ಕ ಕಟ್ಟು ಎನ್ನುತ್ತಿದ್ದ ಖಾಸಗಿ ಸಂಸ್ಥೆಯೊಂದರ ವ್ಯವಹಾರವನ್ನು 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯ ಸುಲಿಗೆ ಎಂದೇ ಕರೆಯಿತು. ನಾವು ನಡೆಸುವ ತರಗತಿಯಲ್ಲಿ ಬೆದರಿಕೆಯೂ ಇರಬಾರದು, ಅಂಗಡಿಯವರೋ ನಡೆಸುವವರೋ ಒಂದು ರೂಪಾಯಿಯನ್ನೂ ಪಡೆಯಬಾರದು.

ನಾನು ನಡೆಸುವ ಪಾಠ ನಾಲ್ಕು ಶನಿವಾರಗಳದ್ದು, ಒಮ್ಮೆಗೆ ಆರೇಳು ಮಂದಿ. ಮೊದಲ ದಿನ ಉಪದೇಶವಿಲ್ಲ. ವಸ್ತು ಎತ್ತಿಕೊಳ್ಳುವ ಮುಂಚಿನ ಹತ್ತು ನಿಮಿಷದಲ್ಲಿ ಏನೇನಾಯಿತೆಂದು ಬರೆಯಿಸುತ್ತೇನೆ. ಬರೆಯುತ್ತಾ ಹೋದಂತೆ, "ಅದು ಹೇಗೋ ಆಗಿಹೋಯಿತು" ಎಂಬ ಮಾತು ಬಿಚ್ಚಿಕೊಳ್ಳುತ್ತದೆ: ಗೆಳತಿಯ ಹುಟ್ಟುಹಬ್ಬ, ಬರಿ ಕೈ, ಯಾರೂ ನೋಡುತ್ತಿಲ್ಲವೆಂದು ಎರಡು ಬಾರಿ ತಿರುಗಿ ನೋಡಿದ್ದು. ತಿರುಗಿ ನೋಡಿದ ಆ ಕ್ಷಣಕ್ಕೆ ಗೆರೆ ಎಳೆಯಿಸುತ್ತೇನೆ, ಏಕೆಂದರೆ ಹಿಂದಕ್ಕೆ ಬರಲು ಸಾಧ್ಯವಿದ್ದ ಜಾಗ ಅದು.

ಎರಡನೆಯ ದಿನ ಕರಿಹಲಗೆಯ ಲೆಕ್ಕ. 50 ರೂಪಾಯಿಗೆ ಮಾರುವ ಸೋಪು ಅಂಗಡಿಗೆ 45ಕ್ಕೆ ಬಂದಿದೆ ಎಂದುಕೊಳ್ಳಿ. ಒಂದು ಸೋಪು ಹೋದರೆ 45 ರೂಪಾಯಿ ನಷ್ಟ, ಒಂದು ಮಾರಿದರೆ 5 ರೂಪಾಯಿ ಲಾಭ. ಹೋದದ್ದನ್ನು ತುಂಬಿಕೊಳ್ಳಲು ಒಂಬತ್ತು ಸೋಪು ಮಾರಬೇಕು. ಬಾಡಿಗೆ, ಕರೆಂಟು ಬೇರೆ. 'ಅಷ್ಟು ದೊಡ್ಡ ಅಂಗಡಿಗೆ ಇದೊಂದು ಲೆಕ್ಕವಾ' ಎಂದಿದ್ದ ಹುಡುಗನೇ ಈ ಲೆಕ್ಕ ಮಾಡಬೇಕು. ಆಮೇಲೆ ಅಂಗಡಿಯಲ್ಲಿ ಕೆಲಸಕ್ಕಿರುವ ಹೆಣ್ಣುಮಗಳೊಬ್ಬಳು ಬಂದು ಮಾತಾಡುತ್ತಾಳೆ. ಕೆಲವು ಕಡೆ ಮಾಲು ಕಡಿಮೆ ಬಂದರೆ ಕೆಲಸದವರ ಸಂಬಳದಿಂದ ಹಿಡಿಯುತ್ತಾರೆ ಎಂದು ಅವಳು ಹೇಳಿದ ದಿನ ಒಬ್ಬ ಹುಡುಗ ಬಹಳ ಹೊತ್ತು ತಲೆಯೆತ್ತಲಿಲ್ಲ. ತಾನು ಕದ್ದದ್ದು ಕಂಪನಿಯಿಂದ ಎಂದುಕೊಂಡಿದ್ದ. ಬಿಲ್ಲು ಮಾಡುವ ಅಕ್ಕನ ಮುಖ ಅವನ ಲೆಕ್ಕದಲ್ಲಿ ಇರಲಿಲ್ಲ. (ಹಾಗೆ ಸಂಬಳ ಹಿಡಿಯುವ ಮಾಲೀಕರಿಗೂ ಒಂದು ತರಗತಿ ಬೇಕೆಂದು ನನಗೆ ಅನಿಸುವುದುಂಟು, ಅದು ಇನ್ನೊಂದು ಸಭೆಯ ಮಾತು.) ಮೂರನೆಯ ದಿನ ಕಾನೂನು, ಮತ್ತು ಗೆಳೆಯರ ಒತ್ತಾಯಕ್ಕೆ 'ಬೇಡ' ಎನ್ನುವ ಅಭ್ಯಾಸ. ನಾಲ್ಕನೆಯ ದಿನ ಹಿಂತಿರುಗಿಸುವುದು.

ಹಿಂತಿರುಗಿಸುವುದನ್ನು ನಾನು ಕಲಿತದ್ದು ಅಪ್ಪನಿಂದ. ಮೇಜಿನ ಈಚೆಗಿದ್ದ ಬೀಡಿಕಟ್ಟೋ ಸೋಪೋ ಮಾಯವಾದರೆ, ಒಯ್ದವರು ಯಾರೆಂದು ಕಂಡಿದ್ದರೂ ಅವರು ಕೂಗಾಡುತ್ತಿರಲಿಲ್ಲ. ಆ ಗಿರಾಕಿಯ ಉದ್ರಿ ಪುಸ್ತಕದಲ್ಲಿ ಅಕ್ಕಿ, ಬೆಲ್ಲ, ಸೀಮೆಎಣ್ಣೆಯ ಕೆಳಗೆ "ಸೋಪು 1" ಎಂದು ಬರೆದಿಡುತ್ತಿದ್ದರು. ಬಟವಾಡೆಯ ದಿನ ಲೆಕ್ಕ ಓದುವಾಗ ಉಳಿದ ಸಾಲುಗಳ ದನಿಯಲ್ಲೇ ಅದನ್ನೂ ಓದುತ್ತಿದ್ದರು. ಗಿರಾಕಿ ಒಮ್ಮೆ ಅಪ್ಪನ ಮುಖ ನೋಡಿ, ದುಡ್ಡು ಎಣಿಸಿ ಕೊಟ್ಟು ಹೋಗುತ್ತಿದ್ದ. ಮುಂದಿನ ವಾರವೂ ಅವನು ನಮ್ಮ ಅಂಗಡಿಗೇ ಬರುತ್ತಿದ್ದ.

ಕೊಡೆಯ ಹುಡುಗಿ ನಾಲ್ಕನೆಯ ಶನಿವಾರ ತಾಯಿಯೊಂದಿಗೆ ಆ ಅಂಗಡಿಗೆ ಹೋಗಿ 125 ರೂಪಾಯಿ ಮೇಜಿನ ಮೇಲಿಟ್ಟಳು. ಮಾಲೀಕರು ಮೊದಲು ಬೇಡವೆಂದರು. ಆ ದಿನ ಡಬ್ಬಿ ಒದ್ದೆಯಾಗಿ ಮಾರಲು ಬಾರದ್ದಾಗಿತ್ತಲ್ಲ ಎಂದು ಅವಳೇ ನೆನಪಿಸಿದ ಮೇಲೆ ತೆಗೆದುಕೊಂಡು, ಬಿಲ್ಲು ಹರಿದು ಕೊಟ್ಟರು. ಈಗ ಆ ಅಂಗಡಿಯ ಬಾಗಿಲಲ್ಲಿ ಕೊಡೆಗಳಿಗೆಂದು ನೀಲಿ ಬಕೆಟ್ಟೊಂದನ್ನು ಇಟ್ಟಿದ್ದಾರೆ, ಕಾರಿನಲ್ಲಿ ಬಂದವರ ಕೊಡೆಯೂ ಅದರಲ್ಲೇ.

ಮುಂದಿನ ತಂಡಕ್ಕೆ ಐವರು ಮಕ್ಕಳಿದ್ದಾರೆ. ಎರಡನೆಯ ಶನಿವಾರದ ಲೆಕ್ಕದ ಪಾಠಕ್ಕೆ ತಮ್ಮ ಖರೀದಿ ಬಿಲ್ಲುಗಳೊಂದಿಗೆ ಬಂದು ಒಂದು ಗಂಟೆ ಕುಳಿತುಕೊಳ್ಳಬಲ್ಲ ವರ್ತಕರೊಬ್ಬರು ನನಗೆ ಬೇಕಾಗಿದ್ದಾರೆ. ದಯವಿಟ್ಟು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ.